ಮೂವತ್ತೊಂದನೇ ಕಾರ್ಡು

"ಲೂಮಿಸ್ ಸ್ಟೇಟ್‌ನಂಥ ತಂಡಾನ ನನ್ನ ಇಪ್ಪತ್ತಾರು ವರ್ಷದ ಸರ್ವಿಸ್‌ನಲ್ಲಿ ನೋಡೇ ಇಲ್ಲ ಕಣ್ರೀ," ಎಂದ ಕೋಚ್ ಗ್ರೇಡಿ ಹಾಲ್‌ಸ್ಟೆಡ್, ಎದೆಯ ಮೇಲೆ ಕೈಯಿಟ್ಟುಕೊಂಡು.

ಹೋದ ವಾರದ ಎದುರಾಳಿಯ ಬಗ್ಗೆಯೂ ಇದನ್ನೇ ಹೇಳಿದ್ದ. ಅದರ ಹಿಂದಿನ ಆಟದ ವಾರವೂ ಇದೇ ಮಾತು, ಇದೇ ಕೈ, ಇದೇ ಎದೆ. ಹೋದ ವಾರದ ಆ ಬಡಪಾಯಿ ತಂಡವನ್ನು ನಮ್ಮ ಹುಡುಗರು ನಲವತ್ತೊಂದು ಅಂಕಗಳಿಂದ ಹಣ್ಣುಗಾಯಿ ನೀರುಗಾಯಿ ಮಾಡಿ ಕಳಿಸಿದ್ದರು.

ಬುಧವಾರದ ಮಧ್ಯಾಹ್ನ, ಲೂಥರನ್ ಚರ್ಚಿನ ನೆಲಮಾಳಿಗೆ. ವೆಲ್ಡನ್ ಕಾಲೇಜಿನ ಫುಟ್ಬಾಲ್ ಅಭಿಮಾನಿಗಳ ವಾರದೂಟ. ಫುಟ್ಬಾಲ್ ಅಂದರೆ ನಮ್ಮ ಅಮೆರಿಕದ್ದು, ಕಾಲಿಗಿಂತ ಹೆಚ್ಚಾಗಿ ಕೈಯಲ್ಲಿ ಚೆಂಡು ಎಸೆದು, ಹಿಡಿದು ಓಡುವ ಆಟ. ಅರವತ್ತು ಜನ ಚಿಲಿ ಎಂಬ ಮಾಂಸದ ಖಾರದ ಸಾರಿನ ಬಟ್ಟಲಿಗೆ ಚಕ್ಕೆಪುಡಿಯ ಸಿಹಿ ರೋಲ್ ಅದ್ದಿಕೊಂಡು ತಿನ್ನುತ್ತ, ಶನಿವಾರದ ಎದುರಾಳಿ ಎಷ್ಟು ಭಯಂಕರ ಎಂದು ಕೇಳಿ ಖುಷಿಪಡುತ್ತಿದ್ದರು. ನೆಬ್ರಾಸ್ಕದ ನಮ್ಮ ಕಡೆ ಕೋಚುಗಳು ಎದುರಾಳಿಯನ್ನು ಹೊಗಳಿ ಅಟ್ಟಕ್ಕೇರಿಸಲೇಬೇಕು. ಸೋತರೆ ನೆಪ ಸಿದ್ಧವಿರುತ್ತದೆ, ಗೆದ್ದರೆ ಮೀಸೆ ತಿರುವಬಹುದು.

ನಾನು ಕಾಫಿ ಪಾತ್ರೆಯ ಪಕ್ಕದ ಕೊನೆಯ ಮೇಜಿನಲ್ಲಿ ಕೂತಿದ್ದೆ. ಹೆಸರು ವರ್ನಾ ಕುಚೆರಾ, ಮೂವತ್ತು ವರ್ಷ ಕೌಂಟಿ ಶೆರಿಫ್ ಕಚೇರಿಯಲ್ಲಿ ಪತ್ತೇದಾರಿಕೆ ಮಾಡಿ ನಿವೃತ್ತಳಾದವಳು. ಊಟಕ್ಕೆ ಬಂದವಳಲ್ಲ. ಎಲ್ಡನ್ ಪ್ರೂಸ್‌ನ ಮಾನ ಉಳಿಸಲು ನನಗೆ ಉಳಿದಿದ್ದದ್ದು ಲೀಗಿನ ಸಮಿತಿ ವಿಚಾರಣೆಗೆ ಕೂರುವ ಮರುದಿನ ಬೆಳಿಗ್ಗೆ ಹತ್ತು ಗಂಟೆಯವರೆಗೆ ಮಾತ್ರ.

ಎಲ್ಡನ್ ಕಾಲೇಜಿನ ವಿಡಿಯೋ ಕೋಣೆಯವನು. ಇಪ್ಪತ್ತೆರಡು ವರ್ಷದಿಂದ ಎದುರಾಳಿಗಳ ಆಟದ ವಿಡಿಯೋ ಕತ್ತರಿಸಿ, ಜೋಡಿಸಿ, ಯಾರು ಯಾವಾಗ ಎತ್ತ ಓಡುತ್ತಾರೆಂದು ಪಟ್ಟಿ ಮಾಡಿ ಕೋಚುಗಳ ಕೈಗಿಡುವ ಕೆಲಸ. ತಂಡಗಳು ತಮ್ಮ ಆಟದ ವಿಡಿಯೋವನ್ನು ಪರಸ್ಪರ ಕಳಿಸಿಕೊಳ್ಳಬೇಕು, ಅದನ್ನು ನೋಡಿಯೇ ಎದುರಾಳಿಯನ್ನು ಅಳೆಯಬೇಕು. ಅವರ ಮೈದಾನಕ್ಕೆ ಹೋಗಿ ಇಣುಕುವಂತಿಲ್ಲ. ಅದು ಲೀಗಿನ ನಿಯಮ, ಮುರಿದರೆ ಕೆಲಸ ಹೋಗುತ್ತದೆ.

ಎರಡು ವಾರದ ಹಿಂದೆ, ನಮಗೆ ಆಟವಿಲ್ಲದ ಶನಿವಾರ, ಲೂಮಿಸ್‌ನವರ ಆಟ ನಡೆಯುತ್ತಿದ್ದ ಮೈದಾನದ ಗ್ಯಾಲರಿಯಲ್ಲಿ ಒಬ್ಬ ಮನುಷ್ಯ ಕೂತು ಫೋನಿನಲ್ಲಿ ಎಲ್ಲವನ್ನೂ ಸೆರೆಹಿಡಿದಿದ್ದಾನೆ. ಯಾರೋ ಅವನ ಫೋಟೋ ತೆಗೆದು ಲೀಗಿಗೆ ಕಳಿಸಿದ್ದಾರೆ. ಟೋಪಿಯಡಿ ಮುಖ ಕಾಣುವುದಿಲ್ಲ. ಮೈಮೇಲೆ ನಮ್ಮ ಕಾಲೇಜಿನ ಜಾಕೆಟ್ಟು, ಎದೆಯ ಮೇಲೆ ಎಲ್ಡನ್‌ನ ಹೆಸರು. ಟಿಕೆಟ್ಟೂ ಎಲ್ಡನ್‌ನ ಹೆಸರಿನಲ್ಲೇ, ವಿಡಿಯೋ ಕೋಣೆಯ ಕಂಪ್ಯೂಟರಿನಿಂದಲೇ ಕೊಂಡದ್ದು. ಕಳ್ಳತನಕ್ಕೆ ಹೋಗುವವನು ಹೆಸರು ಹೊಲಿದ ಜಾಕೆಟ್ಟು ಹಾಕಿಕೊಂಡು ಹೋಗುತ್ತಾನೆಯೇ ಎಂದು ಇಡೀ ಕಾಲೇಜಿನಲ್ಲಿ ಒಬ್ಬನೂ ಕೇಳಲಿಲ್ಲ. ಕೇಳುವ ಆಸೆಯೂ ಯಾರಿಗೂ ಇರಲಿಲ್ಲ.

ಆ ದಿನ ಎಲ್ಡನ್ ಜಲಾಶಯದ ದಡದಲ್ಲಿ ಗಾಳ ಹಾಕಿಕೊಂಡು ಒಬ್ಬನೇ ಕೂತಿದ್ದನಂತೆ. ಮೀನು ಸಾಕ್ಷಿ ಹೇಳುವುದಿಲ್ಲ.

"ಅವರ ಓಟ ನೋಡಿ, ಅವರ ಮುಂದಿನ ಸಾಲಿನ ಗೋಡೆ ನೋಡಿ," ಕೋಚ್‌ನ ಸ್ವರ ಏರುತ್ತಿತ್ತು. "ಒಂದೊಂದು ಹುಡುಗ ನೂರೈವತ್ತು ಕಿಲೋ. ನಮ್ಮ ಮಕ್ಕಳು ಅವರ ಮುಂದೆ ಭಾನುವಾರದ ಶಾಲೆ ಮಕ್ಕಳ ಹಾಗೆ ಕಾಣ್ತಾರೆ."

ಜನ ನಕ್ಕರು. ಒಂಬತ್ತು ವರ್ಷದಿಂದ ಲೂಮಿಸ್ ಕೈಯಲ್ಲಿ ಸೋಲುತ್ತ ಬಂದವರ ನಗು ಅದು. ಈ ಶನಿವಾರ ಗೆದ್ದರೆ ಲೀಗ್ ನಮ್ಮದು.

"ಅಷ್ಟೇ ಅಲ್ಲ," ಎಂದ ಕೋಚ್. "ಇನ್ನೊಬ್ಬ ಒದೆಯೋಕೆ ಅಂತ ಚೆಂಡು ನೆಲಕ್ಕೆ ಹಿಡಿದು ಕೂರ್ತಾನಲ್ಲ, ಆ ಹುಡುಗನ ಮೇಲೂ ನಿಗಾ ಇಡಬೇಕಾಗಿದೆ. ಮಂಡಿಯೂರಿ ಕೂತೋನು ಚಕ್ಕನೆ ಎದ್ದು, ಓಡ್ತಾ ಓಡ್ತಾನೇ ಎಡಗೈಯಲ್ಲಿ ನಲವತ್ತು ಗಜ ಎಸೀತಾನೆ. ಎಡಗೈಯಲ್ಲಿ! ಎದೆ ಝಲ್ ಅನ್ನುತ್ತೆ ನೋಡಿದ್ರೆ."

ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

ಯಾಕೆಂದು ಹೇಳುತ್ತೇನೆ. ವಾರವಿಡೀ ಅಭ್ಯಾಸದಲ್ಲಿ ನಮ್ಮದೇ ಹುಡುಗರ ಒಂದು ಗುಂಪು ಎದುರಾಳಿಯ ವೇಷ ಕಟ್ಟುತ್ತದೆ. ಲೂಮಿಸ್‌ನವರ ನಂಬರಿನ ಅಂಗಿ ತೊಟ್ಟು, ಅವರಂತೆ ಓಡಿ, ಅವರಂತೆ ಎಸೆದು, ನಮ್ಮ ಮುಖ್ಯ ತಂಡದ ಕೈಯಲ್ಲಿ ಪೆಟ್ಟು ತಿನ್ನುತ್ತದೆ. ಪ್ರತಿ ವರಸೆಗೆ ಮುಂಚೆ ಒಬ್ಬ ಸಹಾಯಕ ಕೋಚ್ ದೊಡ್ಡ ರಟ್ಟಿನ ಕಾರ್ಡು ಎತ್ತಿ ಹಿಡಿಯುತ್ತಾನೆ. ಯಾರು ಎತ್ತ ಹೋಗಬೇಕೆಂದು ಅದರಲ್ಲಿ ಬಣ್ಣದ ಪೆನ್ನಿನಲ್ಲಿ ಬರೆದಿರುತ್ತದೆ.

ಮಂಗಳವಾರ ನಾನು ಬೇಲಿಯಾಚೆ ನಿಂತು ನೋಡುತ್ತಿದ್ದೆ. ಮೂವತ್ತೊಂದನೇ ಕಾರ್ಡು ಬಂದಾಗ ಅಭ್ಯಾಸ ನಿಂತುಹೋಯಿತು. ಒದೆಯುವಂತೆ ನಟಿಸಿ ಎಡಗೈಯಲ್ಲಿ ಎಸೆಯಬೇಕು. ವೇಷದ ಗುಂಪಿನಲ್ಲಿ ಎಡಗೈಯವನು ಒಬ್ಬನೂ ಇರಲಿಲ್ಲ. ಕೊನೆಗೆ ಮುಖ್ಯ ತಂಡದಿಂದ ಒಬ್ಬನನ್ನು ಎಳೆತಂದು ಅಂಗಿ ಬದಲಿಸಿ ನಿಲ್ಲಿಸಿದರು. ಇಷ್ಟು ಪರದಾಟ ಯಾಕಪ್ಪ, ಬಲಗೈಯವನೇ ಎಸೆದರೆ ಆಗದೇ ಎಂದುಕೊಂಡೆ.

ಸಂಜೆ ಎಲ್ಡನ್‌ನನ್ನು ಕೇಳಿದೆ. ಅವನ ಮುಖ ಬಿಳಿಚಿತು. ಲೂಮಿಸ್‌ನ ಈ ವರ್ಷದ ಏಳೂ ಆಟಗಳನ್ನು ಅವನು ಒಂದೊಂದು ಚೌಕಟ್ಟು ಬಿಡದೆ ನೋಡಿದ್ದ. ಚೆಂಡು ಹಿಡಿದು ಕೂರುವ ಆ ಹುಡುಗ ಒಂದೇ ಒಂದು ಸಲವೂ ಚೆಂಡು ಎಸೆದಿರಲಿಲ್ಲ. ಎಡಗೈಯಲ್ಲೂ ಇಲ್ಲ, ಬಲಗೈಯಲ್ಲೂ ಇಲ್ಲ.

"ಹಾಗಾದ್ರೆ ಎಲ್ಲಿ ಎಸೆದ?" ಎಂದು ಕೇಳಿದ್ದೆ.

"ಆಟಕ್ಕೆ ಮುಂಚೆ ಮೈ ಬಿಸಿ ಮಾಡ್ಕೊಳ್ಳುವಾಗ ಎಸೆದಿರ್ತಾನೆ," ಎಂದಿದ್ದ ಎಲ್ಡನ್, ತುಂಬ ನಿಧಾನವಾಗಿ. "ನಮಗೆ ಕಳಿಸೋ ವಿಡಿಯೋ ಶುರುವಾಗೋದು ಮೊದಲನೇ ಒದೆತದಿಂದ. ಅದಕ್ಕೆ ಮುಂಚಿನದ್ದು ಗ್ಯಾಲರಿಯಲ್ಲಿ ಕೂತೋನಿಗೆ ಮಾತ್ರ ಕಾಣೋದು."

ಅಂದರೆ ಗ್ಯಾಲರಿಯ ಕಣ್ಣು ಕಂಡದ್ದು ಮೂವತ್ತೊಂದನೇ ಕಾರ್ಡಿನಲ್ಲಿ ಬಂದು ಕೂತಿತ್ತು. ಯಾರೋ ಸಣ್ಣ ಸಹಾಯಕ ಕೋಚ್‌ನ ಕೈವಾಡ ಇರಬೇಕೆಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡಿದ್ದೆ. ಈಗ ನೋಡಿದರೆ ದೊಡ್ಡ ಕೋಚೇ ಮೈಕಿನ ಮುಂದೆ ನಿಂತು, ಹೊಗಳುವ ಭರದಲ್ಲಿ, ತನ್ನ ಬಾಯಾರೆ ಕಾರಿಕೊಂಡಿದ್ದ.

"ಪ್ರಶ್ನೆಗಳಿದ್ರೆ ಕೇಳಬಹುದು," ಎಂದ ಕೋಚ್, ರೋಲಿನ ಚೂರೊಂದನ್ನು ಬಾಯಿಗೆ ಹಾಕಿಕೊಳ್ಳುತ್ತ.

ನಾನು ಎದ್ದು ನಿಂತೆ. ಅರವತ್ತು ತಲೆಗಳು ತಿರುಗಿದವು. ಒಬ್ಬರ ಮುಖದಲ್ಲೂ ಸ್ವಾಗತವಿರಲಿಲ್ಲ.

"ಕೋಚ್, ಆ ಎಡಗೈ ಹುಡುಗನನ್ನ ನೀವು ಯಾವ ಆಟದಲ್ಲಿ ನೋಡಿದ್ರಿ?"

"ಏನಂದ್ರಿ?"

"ಎದೆ ಝಲ್ ಅನ್ನುತ್ತೆ ಅಂದ್ರಲ್ಲ. ಯಾವ ಆಟ ನೋಡಿ ಝಲ್ ಅಂತು? ಏಳು ಆಟದ ವಿಡಿಯೋ ಇದೆ. ಒಂದರಲ್ಲೂ ಅವನು ಚೆಂಡು ಎಸೆದಿಲ್ಲ."

ಕೋಚ್ ನುಂಗಿದ. ರೋಲನ್ನೂ, ಇನ್ನೇನನ್ನೋ.

"ಮಿಸ್ ಕುಚೆರಾ, ನಾನು ಎಡಗೈ ಅಂದ್ನಾ? ಬಾಯಿ ತಪ್ಪಿ ಬಂದಿರಬೇಕು."

"ಎರಡು ಸಲ ತಪ್ಪಿತು ಬಾಯಿ. ಎರಡನೇ ಸಲ ಜೋರಾಗಿ ತಪ್ಪಿತು."

ಯಾರೋ ಕೆಮ್ಮಿದರು. ಕೋಚ್ ಅಭ್ಯಾಸದ ನಗೆ ನಕ್ಕು ಸಭೆಯ ಕಡೆ ಕೈ ಚಾಚಿದ. "ನೀವೇ ಹೇಳಿ, ಯಾರಿಗಾದ್ರೂ ಕೇಳಿಸ್ತಾ ಹಾಗೆ?"

ನಾನು ಪಕ್ಕದ ಮೇಜಿನತ್ತ ತಿರುಗಿದೆ. ಡಿಲೋರಿಸ್ ವಿಟ್ ಕೂತಿದ್ದಳು. ನಮ್ಮ ಊರಿನ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ, ಒಂದು ಸುಳ್ಳು ಹೇಳಿದ್ದಕ್ಕೆ ನನ್ನನ್ನು ಮೂರನೇ ತರಗತಿಯಲ್ಲಿ ಇಡೀ ದಿನ ಮೂಲೆಯಲ್ಲಿ ನಿಲ್ಲಿಸಿದ್ದವಳು.

"ಮಿಸೆಸ್ ವಿಟ್, ನಿಮಗೆ ಕೇಳಿಸ್ತಲ್ವಾ?"

ಆಕೆ ಚಮಚದಿಂದ ಚಿಲಿ ಕಲಕಿದಳು. "ನನ್ನ ಕಿವಿ ಈಗ ಸರಿ ಇಲ್ಲ ಕಣಮ್ಮ."

"ಡಾಕ್ಟರೇ, ನಿಮಗೆ?"

ಹಲ್ಲಿನ ಡಾಕ್ಟರು ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು. ಬ್ಯಾಂಕಿನವನು ಗೋಡೆಯ ಮೇಲಿನ ಶಿಲುಬೆ ನೋಡಿದ. ಪಾದ್ರಿ, ದೇವರಾಣೆ ಹೇಳುತ್ತೇನೆ, ಪಾದ್ರಿ ಎದ್ದು ಕಾಫಿ ತರಲು ಹೋದರು. ಅವರ ಲೋಟ ತುಂಬಿತ್ತು.

ನನ್ನ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಕಳ್ಳರನ್ನೂ ಕುಡುಕರನ್ನೂ ಹಿಡಿದಿದ್ದೇನೆ. ಅವರಲ್ಲಿ ಯಾರೂ ಇಷ್ಟು ನಾಚಿಕೆಗೆಟ್ಟು ನನ್ನ ಮುಖಕ್ಕೆ ಸುಳ್ಳು ಹೇಳಿರಲಿಲ್ಲ. ಈ ಅರವತ್ತು ಜನರ ಮಕ್ಕಳ ಮದುವೆಯ ವಿಡಿಯೋ ತೆಗೆದವನು ಎಲ್ಡನ್. ಕಾಸು ಕೇಳದೆ ತೆಗೆದವನು. ಶನಿವಾರದ ಒಂದು ಆಟಕ್ಕೋಸ್ಕರ ಆ ಮನುಷ್ಯನನ್ನು ಕಸದಂತೆ ಗುಡಿಸಿ ಹೊರಗೆ ಹಾಕಲು ಊರಿಗೆ ಊರೇ ಸಿದ್ಧವಾಗಿತ್ತು.

"ತಿನ್ನಿ," ಎಂದೆ. "ಚೆನ್ನಾಗಿ ತಿನ್ನಿ. ಎಲ್ಡನ್ ಮನೇಲಿ ಮೂರು ದಿನದಿಂದ ಯಾರಿಗೂ ಅನ್ನ ಗಂಟಲಲ್ಲಿ ಇಳೀತಿಲ್ಲ."

ಕೋಟು ನೇತುಹಾಕುವ ಓಣಿಯಲ್ಲಿ ಕೋಚ್ ನನ್ನನ್ನು ಹಿಡಿದ. ಈಗ ನಗುವಿರಲಿಲ್ಲ.

"ನಾನು ಅವತ್ತು ಲೂಮಿಸ್‌ಗೆ ಹೋಗಿರಲಿಲ್ಲ. ಒಮಾಹದಲ್ಲಿ ನನ್ನ ಮಗಳ ಮದುವೆ. ಮುನ್ನೂರು ಜನ ನೋಡಿದ್ದಾರೆ, ಬೇಕಾದ್ರೆ ಫೋಟೋ ತೋರಿಸ್ತೀನಿ."

"ನೀವು ಹೋದ್ರಿ ಅಂತ ನಾನೆಲ್ಲಿ ಹೇಳಿದೆ? ಹೋದವರು ನಿಮಗೆ ಹೇಳಿದ್ದಾರೆ. ಯಾರು?"

"ಎಲ್ಡನ್."

"ನಿನ್ನೆ ಸಂಜೆ ನಾನು ಹೇಳೋವರೆಗೆ ಎಲ್ಡನ್‌ಗೆ ಎಡಗೈ ವಿಷಯವೇ ಗೊತ್ತಿರಲಿಲ್ಲ."

ಅವನು ಹತ್ತಿರ ಬಂದ. ಅವನ ಉಸಿರಿನಲ್ಲಿ ಚಕ್ಕೆಪುಡಿ ಘಮ್ಮೆನ್ನುತ್ತಿತ್ತು.

"ನೋಡಿ, ಎಲ್ಡನ್‌ಗೆ ಏನೂ ಆಗಲ್ಲ. ಒಂದು ವರ್ಷ ಮನೇಲಿರ್ತಾನೆ. ಆಮೇಲೆ ಸದ್ದಿಲ್ಲದೆ ನಾನೇ ವಾಪಸ್ ತಗೋತೀನಿ. ನೂರು ಹುಡುಗರ ನಾಲ್ಕು ವರ್ಷದ ಬೆವರು ಇದೆ ಈ ಶನಿವಾರದ ಹಿಂದೆ. ಅದನ್ನ ಹಾಳು ಮಾಡ್ತೀರಾ?"

"ಹುಡುಗರ ಬೆವರನ್ನ ಅಡ್ಡ ಹಿಡಿದು ನೀವು ಅವಿತುಕೊಳ್ಳಬೇಡಿ. ಯಾರು ಹೇಳಿದ್ದು?"

"ನನ್ನ ಬಾಯಿಂದ ಆ ಹೆಸರು ಬರಿಸಬೇಡಿ ಮೇಡಂ," ಎಂದ. ದನಿ ವಿಚಿತ್ರವಾಗಿ ಮೆತ್ತಗಾಗಿತ್ತು. "ಬಂದ್ರೆ ನನಗಿಂತ ನಿಮಗೇ ಕಷ್ಟ."

ಬೆದರಿಕೆ ಎಂದುಕೊಂಡೆ. ಬೆದರಿಕೆಗೆ ಹೆದರುವ ವಯಸ್ಸು ನನಗೆ ಎಂದೋ ದಾಟಿತ್ತು.

ಅರವತ್ತು ಜನರ ಕಿವಿ ಕೆಟ್ಟರೂ ಕೆಡದ ಒಂದು ಕಿವಿ ಆ ನೆಲಮಾಳಿಗೆಯಲ್ಲಿತ್ತು. ನನ್ನ ತಮ್ಮ ಮಿಲೊ. ನಮ್ಮ ಊರಿನ ರೇಡಿಯೋದವನು, ವೆಲ್ಡನ್ ಕಾಲೇಜಿನ ಪ್ರತಿ ಆಟದ ವೀಕ್ಷಕ ವಿವರಣೆ ಅವನದೇ. ಬುಧವಾರದ ಊಟದ ಭಾಷಣವನ್ನು ತಪ್ಪದೆ ರೆಕಾರ್ಡು ಮಾಡಿ ಸಂಜೆ ಆರಕ್ಕೆ ಹಾಕುತ್ತಾನೆ. ನಾನು ಒಳಗೆ ಬಂದಾಗ ಮೈಕಿನ ತಂತಿ ಸುತ್ತುತ್ತಿದ್ದ.

"ಮಿಲೊ, ಅವನ ಮಾತು ಪೂರ್ತಿ ಬಂದಿದ್ಯಾ?"

"ಬಂದಿದೆ ಅಕ್ಕ."

"ಎಡಗೈ?"

"ಎರಡು ಸಲ."

ಜೇಬಿನಿಂದ ಪೆನ್ ಡ್ರೈವ್ ತೆಗೆದು ನನ್ನ ಅಂಗೈಯಲ್ಲಿಟ್ಟ. ಆಗಲೇ ಪ್ರತಿ ಮಾಡಿಟ್ಟಿದ್ದ. ಚಿಕ್ಕಂದಿನಲ್ಲಿ ಒಂದು ಪೆಪ್ಪರ್‌ಮಿಂಟು ಕೊಡಬೇಕಾದರೂ ಹತ್ತು ಸಲ ಗೋಗರೆಸುತ್ತಿದ್ದವನು ಇವತ್ತು ಕೇಳುವ ಮುಂಚೆಯೇ ಕೊಟ್ಟ. ಊರಿನಲ್ಲಿ ಬೆನ್ನುಮೂಳೆ ಇರುವವನು ಒಬ್ಬನಾದರೂ ನಮ್ಮ ಮನೆಯಲ್ಲೇ ಹುಟ್ಟಿದನಲ್ಲ ಎಂದು ನನಗೆ ಹೆಮ್ಮೆಯಾಯಿತು. ಅವನ ಬೆನ್ನು ತಟ್ಟಿದೆ. ಅವನು ತಂತಿ ಸುತ್ತುತ್ತಲೇ ಇದ್ದ.

ಎರಡೂವರೆಗೆ ಎಲ್ಡನ್‌ನ ಮನೆ ತಲುಪಿದೆ. ಅಡುಗೆಮನೆಯ ಮೇಜಿಗೆ ಕೂತಿದ್ದ. ಮೂರು ದಿನದ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಅವನ ಹೆಂಡತಿ ಮಾರ್ಜೀನ್ ಒಲೆಯ ಹತ್ತಿರ ಕೈಕಟ್ಟಿ ನಿಂತಿದ್ದಳು, ಅತ್ತು ಅತ್ತು ಕಣ್ಣು ಊದಿತ್ತು.

"ಸಿಕ್ಕಿಬಿದ್ದ!" ಎಂದು ಪೆನ್ ಡ್ರೈವ್ ಮೇಜಿನ ಮೇಲೆ ಕುಕ್ಕಿದೆ. "ನಿಮ್ಮ ಕೋಚ್ ತನ್ನ ಬಾಯಾರೆ ಸಿಕ್ಕಿಬಿದ್ದ. ನಾಳೆ ಸಮಿತಿ ಮುಂದೆ ಇದನ್ನ ಹಾಕ್ತೀನಿ."

ಎಲ್ಡನ್ ಅದನ್ನು ಬೆರಳಿನಿಂದ ನನ್ನ ಕಡೆಗೇ ತಳ್ಳಿದ.

"ಅವನು ಸಹಿ ಹಾಕ್ಬಿಟ್ಟ ವರ್ನಾ," ಎಂದಳು ಮಾರ್ಜೀನ್. "ಬೆಳಿಗ್ಗೆ ಎಂಟಕ್ಕೇ. ಕೋಚ್ ಇಲ್ಲಿಗೇ ಬಂದಿದ್ದ. ನನ್ನನ್ನ ಅಂಗಡಿಗೆ ಕಳಿಸಿ ಸಹಿ ಹಾಕ್ಬಿಟ್ಟಿದ್ದಾನೆ."

"ಏನಕ್ಕೆ ಸಹಿ?"

"ತಪ್ಪೊಪ್ಪಿಗೆಗೆ. ಇದೆಲ್ಲ ನನ್ನದೇ ಕೆಲಸ, ನನ್ನ ಸ್ವಂತ ಬುದ್ಧಿಯಿಂದ ಮಾಡಿದ್ದು, ಕೋಚ್‌ಗೆ ಏನೂ ಗೊತ್ತಿಲ್ಲ ಅಂತ."

ನಾನು ಕುರ್ಚಿ ಎಳೆದು ಅವನ ಎದುರಿಗೆ ಕೂತೆ. ಒಂದೇ ಬೀದಿಯಲ್ಲಿ ಬೆಳೆದವರು ನಾವು.

"ನಿನಗೆ ತಲೆ ಕೆಟ್ಟಿದ್ಯಾ? ಜಲಾಶಯದಲ್ಲಿ ಮೀನು ಹಿಡೀತಿದ್ದೋನು ನೀನು!"

"ಇರಲಿ ಬಿಡು ವರ್ನಾ."

"ಏನು ಇರಲಿ? ಶನಿವಾರ ಗೆಲ್ಲಲಿ ಅಂತಾನಾ? ಈ ಊರಿಗೋಸ್ಕರಾನಾ? ಹೋಗಿ ನೋಡು ಆ ನೆಲಮಾಳಿಗೇಲಿ, ನಿನ್ನ ಹೆಸರು ಹೇಳಿದ್ರೆ ಬಟ್ಟಲೊಳಗೆ ಮುಖ ಹುದುಗಿಸ್ತಾರೆ!"

"ಊರಿಗೋಸ್ಕರ ಅಲ್ಲ."

ಮೇಜಿನ ಮೇಲೆ ಕಾಲೇಜಿನ ಮುದ್ರೆಯ ಲಕೋಟೆಯೊಂದು ಒಡೆಯದೆ ಬಿದ್ದಿತ್ತು. ಸಹಿಯಾದ ಪತ್ರದ ಪ್ರತಿ, ಮಧ್ಯಾಹ್ನ ತಂದುಕೊಟ್ಟು ಹೋಗಿದ್ದರಂತೆ. ಎಲ್ಡನ್‌ಗೆ ಅದನ್ನು ಇನ್ನೊಂದು ಸಲ ನೋಡುವ ಮನಸ್ಸಿರಲಿಲ್ಲ. ನಾನು ಹರಿದು ತೆಗೆದೆ.

ಮೊದಲ ಪುಟ ಮಾರ್ಜೀನ್ ಹೇಳಿದಂತೆಯೇ ಇತ್ತು. ಕೆಳಗೆ ಎಲ್ಡನ್‌ನ ಗುಂಡಗಿನ ಸಹಿ. ಹಿಂದೆ ಇನ್ನೊಂದು ಪುಟವಿತ್ತು.

"ಎಷ್ಟು ಪುಟಕ್ಕೆ ಸಹಿ ಹಾಕಿದೆ?"

"ಒಂದೇ ಪುಟ ಇದ್ದದ್ದು."

"ಇಲ್ಲಿ ಎರಡಿದೆ."

ಎರಡನೇ ಪುಟದಲ್ಲಿ ನಾಲ್ಕೇ ಸಾಲು. ಮೊದಲ ಸಾಲು ಓದಿದೆ. ಮತ್ತೆ ಓದಿದೆ. ಮಾರ್ಜೀನ್ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ತಾನೇ ಜೋರಾಗಿ ಓದಿದಳು.

"'ಈ ಕೃತ್ಯದಲ್ಲಿ ನನಗೆ ನೆರವಾಗಿ, ನನ್ನ ಜಾಕೆಟ್ ಧರಿಸಿ ಗ್ಯಾಲರಿಯಲ್ಲಿ ಕುಳಿತು ಚಿತ್ರೀಕರಿಸಿದವರು ಮಿಲೊ ಕುಚೆರಾ.'"

ಎಲ್ಡನ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಇಲ್ಲ! ಅವನ ಹೆಸರು ಬರಲ್ಲ ಅಂತ ಮಾತು ಕೊಟ್ಟಿದ್ದ! ನೀನು ಸಹಿ ಹಾಕಿದ್ರೆ ಮಿಲೊ ಹೆಸರು ಎಲ್ಲೂ ಬರಲ್ಲ ಅಂತ ಕೋಚ್ ಇದೇ ಮೇಜಿನ ಮೇಲೆ ಕೈಯಿಟ್ಟು ಹೇಳಿದ!"

ಮಾತು ಮುಗಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೆ ಹೊಳೆಯಿತು. ಕೈ ಬಾಯಿಗೆ ಹೋಯಿತು.

ಮಾರ್ಜೀನ್ ಗಂಡನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದೆ ಎಲ್ಡನ್‌ಗೆ.

"ಇವತ್ತು ಬೆಳಿಗ್ಗೆ. ಕೋಚೇ ಹೇಳಿದ. ಮಿಲೊ ರೇಡಿಯೋ ಕೆಲಸ ಹೋಗುತ್ತೆ, ಊರಲ್ಲಿ ತಲೆ ಎತ್ತಂಗಿಲ್ಲ, ವರ್ನಾ ಮುಖ ನೋಡೋದು ಹೇಗೆ ಅಂತೆಲ್ಲ..." ಅವನು ಉಸಿರೆಳೆದ. "ಅವನನ್ನ ಸಾಕಿದೋಳು ನೀನು. ನಾನು ನೋಡಿಲ್ವಾ?"

"ಹಾಗಂತ ನೀನು ಕಳ್ಳ ಆಗ್ತೀಯಾ?" ಮಾರ್ಜೀನ್ ಕಿರುಚಿದಳು. "ಅವರ ಮನೆ ಮಗನ್ನ ಉಳಿಸೋಕೆ ನನ್ನ ಮನೆ ಹಾಳಾಗಬೇಕಾ? ವರ್ನಾ, ನಿನ್ನನ್ನ ಕರೆಸಿದ್ದು ನಾನು. ನಿಜ ಹುಡುಕು ಅಂತ ಕರೆಸಿದ್ದು. ಸಿಕ್ತಲ್ಲ ನಿಜ? ಈಗೇನು ಮಾಡ್ತೀಯಾ?"

ಆ ಹೆಂಗಸಿನ ಒಂದೊಂದು ಮಾತೂ ಸರಿಯಾಗಿತ್ತು. ನನ್ನ ಸಿಟ್ಟಿಗೆ ಇಷ್ಟು ಹೊತ್ತು ನೆಟ್ಟಗೆ ಒಂದು ಗುರಿಯಿತ್ತು. ಈಗ ಅದು ತಿರುಗಿ ನನ್ನ ಮನೆಯೊಳಗೇ ನುಗ್ಗಿತ್ತು. ರೆಕಾರ್ಡು ಸಮಿತಿಯ ಮುಂದೆ ಬಿದ್ದ ಮರುಕ್ಷಣ ನಿನಗೆ ಯಾರು ಹೇಳಿದರು ಎಂದು ಕೋಚ್‌ನನ್ನು ಕೇಳುತ್ತಾರೆ. ಅವನು ಎರಡನೇ ಪುಟದತ್ತ ಬೆರಳು ತೋರಿಸುತ್ತಾನೆ. ಎಲ್ಡನ್ ಕಳಿಸಿದ, ಮಿಲೊ ಹೋದ, ನನಗೆ ಗಾಳಿಮಾತು ಕಿವಿಗೆ ಬಿತ್ತು ಅನ್ನುತ್ತಾನೆ. ಎಲ್ಡನ್‌ನ ಜಾಕೆಟ್ಟೂ ಟಿಕೆಟ್ಟೂ ಕೊಟ್ಟು ತನ್ನನ್ನು ಕಳಿಸಿದ್ದು ಕೋಚೇ ಎಂದು ಮಿಲೊ ತನ್ನ ಬಾಯಿಂದ ಹೇಳದಿದ್ದರೆ ಎಲ್ಡನ್ ಉಳಿಯುವುದಿಲ್ಲ.

ಫೋನ್ ತೆಗೆದು ಮಿಲೊಗೆ ಮಾಡಿದೆ. ಮೊದಲ ರಿಂಗಿಗೇ ಎತ್ತಿದ.

"ಎರಡು ವಾರದ ಹಿಂದಿನ ಶನಿವಾರ ಎಲ್ಲಿದ್ದೆ?"

ಇಪ್ಪತ್ತು ವರ್ಷದಿಂದ ರೇಡಿಯೋದಲ್ಲಿ ಒಂದು ಗಳಿಗೆ ಮೌನ ಬಿಡದೆ ಮಾತಾಡುವ ಬಾಯಿ ಅದು. ಈಗ ಅದು ನನ್ನ ಪ್ರಶ್ನೆಗೆ ಅಡ್ಡದಾರಿ ಹಿಡಿಯಿತು.

"ರೆಕಾರ್ಡು ನಾನೇ ಕೊಟ್ನಲ್ಲ ಅಕ್ಕ," ಎಂದ.

"ಅದಕ್ಕೆ?"

"ನನ್ನ ಬಾಯಲ್ಲಿ ಹೇಳೋಕೆ ಆಗ್ಲಿಲ್ಲ. ಅದರಿಂದ ನೀನೇ ಕಂಡುಹಿಡೀಲಿ ಅಂತ ಕೊಟ್ಟೆ."

"ಕಂಡುಹಿಡಿದೆ. ನಾಳೆ ಹತ್ತು ಗಂಟೆಗೆ ಬಂದು ಕೋಚ್ ಕಳಿಸಿದ ಅಂತ ಹೇಳು. ಎಲ್ಡನ್ ಉಳ್ಕೋತಾನೆ."

"ಆಗಲ್ಲ ಅಕ್ಕ."

"ಮಿಲೊ."

"ನನಗೆ ಆಗಲ್ಲ. ನೀನು ನನ್ನ ಹೆಸರು ಹೇಳು, ನಾನು ಬೇಡ ಅನ್ನಲ್ಲ. ಆದ್ರೆ ಅವರು ನನ್ನ ಕೇಳಿದ್ರೆ ನಾನು ಹೋಗಿಲ್ಲ ಅಂತೀನಿ. ಬೈಬಲ್ ಮೇಲೆ ಕೈಯಿಟ್ಟು ಅಂತೀನಿ. ನನಗೇ ಗೊತ್ತು, ಅಂದೇ ಅಂತೀನಿ."

ಫೋನ್ ಇಟ್ಟುಬಿಟ್ಟ. ಎಲ್ಡನ್ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸುತ್ತಿದ್ದ. ವಿಚಾರಣೆಯ ಸಾಕ್ಷಿಗಳ ಪಟ್ಟಿಯನ್ನು ಸಂಜೆ ಐದರೊಳಗೆ ಕೊಡಬೇಕಿತ್ತು. ಮಾರ್ಜೀನ್ ಖಾಲಿ ಹಾಳೆಯನ್ನು ನನ್ನ ಮುಂದಿಟ್ಟು, ಅದರ ಮೇಲೆ ಪೆನ್ನಿಟ್ಟಳು.

ನಾನು ಮಿಲೊ ಕುಚೆರಾ ಎಂದು ಬರೆದೆ.